ಮೈನಸ್ ಮೂವತ್ತಕ್ಕೆ ಇಳಿಯೋ ಊರಲ್ಲಿ ಇಷ್ಟೊಂದು ಸೊಳ್ಳೆ ಹೇಗೆ?

ಔಲು_ಮಂಜು:
ಎಲ್ರಿಗೂ ನಮಸ್ಕಾರ. ನಾವು ಫಿನ್ಲೆಂಡಿನ ಔಲು ಊರಿಗೆ ಬಂದಿದ್ದು ಜನವರಿಯಲ್ಲಿ, ಆಗ ಹೊರಗೆ ಮೈನಸ್ 28, ಉಸಿರು ಬಿಟ್ರೆ ಮಫ್ಲರ್ ಮೇಲೆ ಐಸ್ ಕೂರ್ತಿತ್ತು. ಈಗ ಜುಲೈ. ಹೋದ ವಾರ ಆಫೀಸಿನವ್ರ ಜೊತೆ ಲ್ಯಾಪ್‌ಲ್ಯಾಂಡ್ ಕಡೆ, ಇನಾರಿ ಕೆರೆ ಹತ್ರ ಹೋಗಿದ್ವಿ. ಕಾರಿನ ಡೋರ್ ತೆಗೆದಿದ್ದಷ್ಟೇ, ಒಳಗೆಲ್ಲಾ ಸೊಳ್ಳೆ. ನನ್ನ ಮುಂದೆ ನಡೀತಿದ್ದ ಫ್ರೆಂಡ್ ತಿಳಿನೀಲಿ ಶರ್ಟ್ ಹಾಕಿದ್ದ, ಬೆನ್ನ ಮೇಲೆ ಒಂದಕ್ಕೊಂದು ಅಂಟ್ಕೊಂಡು ಕೂತಿದ್ವು, ಬಟ್ಟೆ ಬಣ್ಣನೇ ಕಾಣ್ತಿರ್ಲಿಲ್ಲ, ಒಂದು ಸಲ ತಟ್ಟಿದ್ರೆ ಅಂಗೈಗೆ ಏಳೆಂಟು ಬರ್ತಿದ್ವು. ನಾನು ಹುಟ್ಟಿ ಬೆಳೆದಿದ್ದು ಮಂಡ್ಯದ ಗದ್ದೆ ಬಯಲಲ್ಲಿ, ಅಲ್ಲೂ ಇಷ್ಟು ನೋಡಿಲ್ಲ. ಆರು ತಿಂಗಳು ನೆಲ ಹೆಪ್ಪುಗಟ್ಟಿರೋ ಜಾಗದಲ್ಲಿ ಇವು ಬದುಕೋದಾದ್ರೂ ಹೇಗೆ? ಇನ್ನೊಂದು, ನಮ್ಗೆ ಒಂದೂವರೆ ವರ್ಷದ ಮಗು ಇದೆ, ಈ ಸೊಳ್ಳೆಯಿಂದ ಕಾಯಿಲೆ ಏನಾದ್ರೂ ಬರುತ್ತಾ? ಗೊತ್ತಿರೋರು ದಯವಿಟ್ಟು ಹೇಳಿ.

ಎಸ್ಪೂ_ಶಾರದಾ:
ಮಂಜು, ನೀವು ಹೋಗಿರೋದೇ ಸರಿಯಾಗಿ ಅದ್ರ ಸೀಸನ್ ಮಧ್ಯದಲ್ಲಿ. ಇಲ್ಲಿನವ್ರು ಅದಕ್ಕೆ ರ‍್ಯಾಕ್ಕಾ ಅಂತಾರೆ, ಉತ್ತರದಲ್ಲಿ ಜೂನ್ ಕೊನೆಗೆ ಶುರುವಾಗಿ ಆಗಸ್ಟ್ ತನಕ ಇರುತ್ತೆ. ಬರೀ ಸೊಳ್ಳೆ ಅಲ್ಲ, ಅದ್ರ ಜೊತೆಗೆ ಕಚ್ಚೋ ನೊರಜು, ಕಣ್ಣಿಗೇ ಕಾಣದಷ್ಟು ಸಣ್ಣ ನುಸಿ, ದನದ ನೊಣದ ಥರ ದೊಡ್ಡ ನೊಣ ಎಲ್ಲಾ ಸೇರಿಸಿ ಹೇಳೋದು. ಹೆಲ್ಸಿಂಕಿ, ಎಸ್ಪೂ ಕಡೆ ಈ ಪಾಟಿ ಇಲ್ಲ, ಸಂಜೆ ಕಾಡಿನ ಕಡೆ ವಾಕ್ ಹೋದ್ರೆ ಕಚ್ಚುತ್ತೆ ಅಷ್ಟೆ. ಉತ್ತರಕ್ಕೆ ಹೋಗ್ತಾ ಹೋಗ್ತಾ ಜಾಸ್ತಿ. ಮೊದಲ ಸಲ ನೋಡ್ದೋರಿಗೆ ಉಲ್ಟಾ ಅನ್ಸುತ್ತೆ, ಆದ್ರೆ ಇಲ್ಲಿ ಲೆಕ್ಕ ಇರೋದೇ ಹಾಗೆ.

ಹಾಸನ್_ಹುಡ್ಗ:
ಅದೇ ನನ್ಗೂ ಅರ್ಥ ಆಗ್ದೇ ಇರೋದು. ಚಳಿಗೆ ಸೊಳ್ಳೆ ಸಾಯುತ್ತೆ ಅಂತಲೇ ಅಲ್ವಾ ಎಲ್ಲರೂ ಹೇಳೋದು, ಬೆಂಗಳೂರಲ್ಲೇ ಡಿಸೆಂಬರಲ್ಲಿ ಡೆಂಗಿ ಕಡಿಮೆ ಆಗುತ್ತೆ.

ಕೀಟದ_ಮೇಷ್ಟ್ರು_ಧಾರವಾಡ:
ಕೀಟಶಾಸ್ತ್ರ ಓದಿ ಅದನ್ನ ಕಲಸ್ಕೋತ ಬಂದಾಂವ ನಾನು, ಅದಕ್ಕ ಸ್ವಲ್ಪ ಉದ್ದ ಬರೀತೀನಿ, ಬ್ಯಾಸರಾ ಮಾಡ್ಕೋಬ್ಯಾಡ್ರಿ.

ನೋಡ್ರಿ, ಸೊಳ್ಳಿ ಅಂದ್ರ ಒಂದ ಜಾತಿ ಅಲ್ಲ. ನಮ್ಮ ಡೆಂಗಿ ಸೊಳ್ಳಿ ಈಡಿಸ್ ಈಜಿಪ್ಟೈ, ಅದರ ತತ್ತಿ ಒಣಗಿದ ಡ್ರಮ್ಮಿನ ಗೋಡಿಗೆ ಅಂಟ್ಕೊಂಡು ತಿಂಗಳಗಟ್ಟಲೆ ಇರ್ತಾವ, ಆದ್ರ ಹೆಪ್ಪುಗಟ್ಟೋ ಥಂಡಿ ತಡ್ಯಾಂಗಿಲ್ಲ. ಫಿನ್ಲೆಂಡಿನ್ಯಾಗ 40ಕ್ಕಿಂತ ಹೆಚ್ಚು ಜಾತಿ ಅದಾವ, ಅದರಾಗ ಬಹಳಷ್ಟು ಈಡಿಸ್ ಕುಲದವ, ನಮ್ಮ ಡೆಂಗಿ ಸೊಳ್ಳಿಗೆ ದಾಯಾದಿ ಅಂದ್ರೂ ನಡೀತದ. ಈಡಿಸ್ ಕಮ್ಯುನಿಸ್, ಈಡಿಸ್ ಪಂಕ್ಟರ್ ಅಂತ ಅವುಗಳ ಹೆಸರು. ಇವು ತತ್ತಿ ಇಡೋದು ನೀರಾಗಲ್ಲ, ಬ್ಯಾಸಿಗಿಯೊಳಗ ನೀರು ಇಳದು ಹೋದ ತಗ್ಗಿನ ಪಾಚಿ, ಹಸಿ ಮಣ್ಣು, ಉದುರಿದ ಎಲಿ, ಅಲ್ಲಿ ಇಡ್ತಾವ. ದೊಡ್ಡ ಸೊಳ್ಳಿ ಎಲ್ಲಾ ಚಳಿಗಾಲಕ್ಕ ಮದಲ ಸಾಯ್ತಾವ. ಮುಂದಿನ ಎಂಟೊಂಬತ್ತು ತಿಂಗಳು ಬದುಕೋದು ಆ ತತ್ತಿ ಒಂದ.

ತತ್ತಿ ಹೆಂಗ ಬದುಕ್ತದ ಅಂದ್ರ, ಒಳಗ ಮರಿ ಪೂರಾ ತಯಾರಾಗಿರ್ತದ, ಆದ್ರ ಬೆಳವಣಿಗಿ ನಿಲ್ಲಿಸಿ ಮಲಗಿರ್ತದ. ಮ್ಯಾಲೆ ಹಿಮ ಬಿದ್ದಿರ್ತದಲ್ರಿ, ಅದ ಅದಕ್ಕ ಕಂಬಳಿ. ಹೊರಗ ಗಾಳಿ ಮೈನಸ್ 30 ಇದ್ರೂ ಒಂದು ಮೊಣಕಾಲಷ್ಟು ಹಿಮದ ಕೆಳಗ ನೆಲದ ಹತ್ರ ಸೊನ್ನಿಗಿಂತ ಕೆಲವು ಡಿಗ್ರಿ ಅಷ್ಟ ಕೆಳಗ ಇರ್ತದ. ಇನ್ನೊಂದು ಮಾತು ಬಹಳ ಮಂದಿಗೆ ಗೊತ್ತಿಲ್ಲ: ಇವುಗಳೊಳಗ ಎಷ್ಟೋ ಜಾತಿಗೆ ಆ ಥಂಡಿ ಬೇಕ ಬೇಕು. ಥಂಡಿ ತಿನ್ನದ ತತ್ತಿಗೆ ಬೆಚ್ಚನ್ನ ನೀರು ಹಾಕಿದ್ರೂ ಅದು ಒಡ್ಯಾಂಗಿಲ್ಲ. ಯಾಕಂದ್ರ ಸೆಪ್ಟೆಂಬರದಾಗ ಒಂದು ಮಳಿ ಬಂತಂತ ಒಡದು ಹೊರಗ ಬಂದ್ರ ಅಕ್ಟೋಬರಕ್ಕ ಸತ್ತ ಹೋಗ್ತಾವ. ಹಂಗಾಗಿ ಚಳಿಗಾಲ ಮುಗದದ ಅನ್ನೋ ಗುರುತು ಸಿಕ್ಕ ಮ್ಯಾಲ ಏಳ್ತಾವ. ಚಳಿ ಇವಕ್ಕ ವೈರಿ ಅಲ್ರಿ, ಅಲಾರಾಂ.

ಹಾಸನ್_ಹುಡ್ಗ:
ಸರ್ ಸೂಪರ್. ಆದ್ರೆ ಬದುಕೋದು ಸರಿ, ಅಷ್ಟೊಂದು ಆಗೋದು ಹೇಗೆ? ನಮ್ಮಲ್ಲಿ ವರ್ಷ ಪೂರ್ತಿ ಮರಿ ಹಾಕುತ್ತೆ, ಅಲ್ಲಿ ಎರಡು ತಿಂಗಳು. ಹಾಗಾದ್ರೆ ನಮ್ಮಲ್ಲೇ ಜಾಸ್ತಿ ಇರ್ಬೇಕಿತ್ತಲ್ವಾ.

ಕೀಟದ_ಮೇಷ್ಟ್ರು_ಧಾರವಾಡ:
ಛಲೋ ಪ್ರಶ್ನಿ. ನಮ್ಮ ಕಡೆ ಈಡಿಸ್ ಎರಡು ಮೂರು ವಾರಕ್ಕ ಒಂದು ತಲಿಮಾರು ಮಾಡ್ತದ, ಆದ್ರ ದಿನಾ ಒಂದಿಷ್ಟು ಹುಟ್ತಾವ, ಒಂದಿಷ್ಟು ಸಾಯ್ತಾವ. ಉತ್ತರದಾಗ ವರ್ಷಕ್ಕ ಒಂದ ತಲಿಮಾರು, ಅದೂ ಹಿಮ ಕರಗಿದ ಕೂಡ್ಲೆ ಎಲ್ಲಾ ಒಮ್ಮೆಲೆ. ಇಡೀ ವರ್ಷದ ಬೆಳಿ ಮೂರು ನಾಕು ವಾರದಾಗ ಹಾರ್ತದ. ಅದ ನಿಮಗ ಮುಗಿಲು ಕಪ್ಪಾದಂಗ ಕಾಣ್ತದ.

ಎರಡನೇದು ನೀರು. ಸೈಬೀರಿಯಾ, ಅಲಾಸ್ಕಾ, ಉತ್ತರ ಕೆನಡಾದಾಗ ನೆಲದ ಕೆಳಗ ವರ್ಷಪೂರ್ತಿ ಹೆಪ್ಪುಗಟ್ಟಿದ ಮಣ್ಣು ಐತಿ. ಅಲ್ಲಿ ಮಳಿ ನಮ್ಮ ವಿಜಯಪುರಕ್ಕಿಂತ ಕಡಿಮಿ ಬೀಳೋ ಜಾಗಾ ಎಷ್ಟೋ ಅದಾವ, ಆದ್ರ ಕರಗಿದ ನೀರು ಕೆಳಗ ಇಳಿಯಾಕ ದಾರಿ ಇಲ್ಲ. ಕಣ್ಣು ಹಾಯಿಸಿದಷ್ಟು ದೂರ ಮೊಣಕಾಲುದ್ದದ ಕುಂಟಿ. ಕಪ್ಪು ತಳ, ಇಪ್ಪತ್ನಾಕು ತಾಸು ಬಿಸಿಲು, ನೀರು ಬೆಚ್ಚಗಾಗ್ತದ. ಚಳಿಗಾಲಕ್ಕ ತಳದ ತನಕ ಹೆಪ್ಪುಗಟ್ಟೋ ಕುಂಟಿ ಆದ್ದರಿಂದ ಮೀನ ಇರಾಂಗಿಲ್ಲ, ಮರಿ ತಿನ್ನಾಕ ನೀರಿನ ಜೀರುಂಡಿ ಅಷ್ಟ. ಫಿನ್ಲೆಂಡಿನ್ಯಾಗ ಅಂಥಾ ಹೆಪ್ಪು ನೆಲ ಕಡಿಮಿ, ಅಲ್ಲಿ ಬ್ಯಾರೆ ಕಾರಣ: ದೇಶದ ಮೂರನೇ ಒಂದು ಪಾಲು ನೆಲ ಮದಲ ಜವುಗು ಇತ್ತು, ಅರಣ್ಯ ಬೆಳಸಾಕಂತ ಅರ್ಧಕ್ಕಿಂತ ಹೆಚ್ಚಿಂದಕ್ಕ ಕಾಲುವಿ ತೋಡಿ ನೀರು ಬಸದಾರ, ಉಳದದ್ದು ಹೆಚ್ಚು ಉತ್ತರದಾಗ ಐತಿ. ಉತ್ತರಕ್ಕ ಹೋದಂಗ ಸೊಳ್ಳಿ ಹೆಚ್ಚು ಅಂತ ಶಾರದಾ ಅವ್ರು ಹೇಳಿದ್ದಕ್ಕ ಇದೂ ಒಂದು ಕಾರಣ.

ಎಸ್ಪೂ_ಶಾರದಾ:
ಹೌದು ಸರ್, ಮ್ಯಾಪಲ್ಲಿ ನೋಡಿದ್ರೇ ಗೊತ್ತಾಗುತ್ತೆ, ಲ್ಯಾಪ್‌ಲ್ಯಾಂಡಲ್ಲಿ ಕಾಡಿನ ಮಧ್ಯೆ ಮೈಲಿಗಟ್ಟಲೆ ಜವುಗು, ಜನ ಓಡಾಡೋಕೆ ಅದ್ರ ಮೇಲೆ ಮರದ ಹಲಗೆ ಹಾಸಿರ್ತಾರೆ.

ವಿನ್ನಿಪೆಗ್_ವೀಣಾ:
ಕೆನಡಾದಿಂದ ನಂದೂ ಒಂದು ಮಾತು. ನಮ್ಮ ವಿನ್ನಿಪೆಗ್ ಚಳಿ ಬಗ್ಗೆ ಹೇಳೋದೇ ಬೇಡ, ಆದ್ರೂ ಬೇಸಿಗೆ ಬಂತೂಂದ್ರೆ ನ್ಯೂಸಲ್ಲಿ ಹವಾಮಾನದ ಜೊತೆ ಸೊಳ್ಳೆ ಲೆಕ್ಕಾನೂ ಕೊಡ್ತಾರೆ. ಸಿಟಿಯವ್ರು ಅಲ್ಲಲ್ಲಿ ಟ್ರ್ಯಾಪ್ ಇಟ್ಟು ಎಷ್ಟು ಬಿತ್ತು ಅಂತ ಎಣಿಸ್ತಾರೆ, ಅದು ಜಾಸ್ತಿ ಆದಾಗ ರಾತ್ರಿ ಹೊತ್ತು ಗಾಡಿ ಮೇಲೆ ಫಾಗಿಂಗ್. ಅದಕ್ಕಿಂತ ಮುಖ್ಯ ಕೆಲಸ ಏಪ್ರಿಲ್-ಮೇ ತಿಂಗಳಲ್ಲೇ ನಡೆಯೋದು, ಹಿಮ ಕರಗಿದ ಹಳ್ಳಗಳಿಗೆ ಮರಿ ಸಾಯಿಸೋ ಔಷಧಿ ಹಾಕ್ತಾರೆ. ಇಲ್ಲೇ ಉತ್ತರಕ್ಕೆ ಕೊಮಾರ್ನೋ ಅಂತ ಒಂದು ಪುಟ್ಟ ಊರಿದೆ, ಅಲ್ಲಿ ಸೊಳ್ಳೆಗೇ ಒಂದು ದೊಡ್ಡ ಉಕ್ಕಿನ ಪ್ರತಿಮೆ ನಿಲ್ಲಿಸಿದಾರೆ, ಗಾಳಿ ಬಂದ ಕಡೆಗೆ ತಿರುಗುತ್ತೆ.

ಮಂಜು ಅವ್ರೇ, ಕಾಯಿಲೆ ವಿಷಯ: ನಮ್ಮ ಪ್ರೇರಿ (ಹುಲ್ಲುಗಾವಲು ಬಯಲು) ಕಡೆ ವೆಸ್ಟ್ ನೈಲ್ ಜ್ವರ ಇದೆ. 2007ರಲ್ಲಿ ಮ್ಯಾನಿಟೋಬಾ, ಸಸ್ಕಾಚೆವಾನ್‌ನಲ್ಲಿ ಬಹಳ ಜನಕ್ಕೆ ಬಂತು. ಅದು ಬರೋದು ಕ್ಯೂಲೆಕ್ಸ್ ಟಾರ್ಸಾಲಿಸ್ ಅನ್ನೋ ಸೊಳ್ಳೆಯಿಂದ, ಜುಲೈ ಆಗಸ್ಟ್ ಸಂಜೆ ಕಚ್ಚುತ್ತೆ. ವಸಂತದಲ್ಲಿ ಗುಂಪು ಗುಂಪಾಗಿ ಬರೋ ಸೊಳ್ಳೆಗೂ ಅದಕ್ಕೂ ಸಂಬಂಧ ಇಲ್ಲ. ಅಂದ್ರೆ ಜಾಸ್ತಿ ಕಾಟ ಕೊಡೋ ಸೊಳ್ಳೆನೇ ಜಾಸ್ತಿ ಅಪಾಯ ಅಂತೇನಿಲ್ಲ, ಇದನ್ನ ಇಲ್ಲಿಗೆ ಹೊಸದಾಗಿ ಬಂದ ಎಲ್ರಿಗೂ ನಾನು ಹೇಳ್ತಾನೇ ಇರ್ತೀನಿ.

ಕುಡ್ಲ_ಬೊಳ್ಳಿ:
ನಾವು ಸೊಳ್ಳೆಗೇ ನುಸಿ ಅಂತ ಹೇಳುದು. ನಮ್ಮ ಮಂಗ್ಳೂರಿನವ್ರಿಗೆ ನುಸಿ ಅಂದ್ರೆ ಮೊದ್ಲು ನೆನಪಾಗೋದೇ ಮಲೇರಿಯಾ ಮಾರಾಯ್ರೆ. ತೊಂಬತ್ತರ ದಶಕದಲ್ಲಿ ಊರಿಡೀ ಬಿಲ್ಡಿಂಗ್ ಕಟ್ಲಿಕ್ಕೆ ಶುರು ಮಾಡಿದ್ರು, ಸ್ಲ್ಯಾಬಿನ ಮೇಲೆ ಕ್ಯೂರಿಂಗಿಗೆ ನಿಲ್ಸಿದ ನೀರು, ಅದ್ರಲ್ಲಿ ಮಲೇರಿಯಾ ಹರಡುವ ನುಸಿ ಅನಾಫಿಲಿಸ್ ಸ್ಟೀಫೆನ್ಸಿ, ಆಮೇಲೆ ಮನೆಗೊಬ್ರಿಗೆ ಚಳಿಜ್ವರ. ಅಷ್ಟು ನುಸಿ ಇರುವ ಫಿನ್ಲೆಂಡಲ್ಲಿ ಮಲೇರಿಯಾ ಯಾಕಿಲ್ಲ? ಚಳಿಗೆ ಆ ರೋಗಾಣು ಬದುಕುದಿಲ್ವಾ?

ಕೀಟದ_ಮೇಷ್ಟ್ರು_ಧಾರವಾಡ:
ಇತ್ತು ಅಣ್ಣಾರ! 18, 19ನೇ ಶತಮಾನದಾಗ ಫಿನ್ಲೆಂಡ್, ಸ್ವೀಡನ್ ಎರಡೂ ಕಡೆ ಮಲೇರಿಯಾ ಅಲ್ಲೇ ಬೇರೂರಿತ್ತು. ಗಿಡ-ಪ್ರಾಣಿಗೆಲ್ಲಾ ಎರಡು ಪದದ ಹೆಸರಿಡೋದನ್ನ ಕಲಿಸಿದ ಲಿನೇಯಸ್ ಇದ್ದಾನಲ್ಲ, ಅವನು 1735ರಾಗ ಡಾಕ್ಟರ್ ಪದವಿಗೆ ಬರದ ಪ್ರಬಂಧ ಬಿಟ್ಟು ಬಿಟ್ಟು ಬರೋ ಜ್ವರದ ಮ್ಯಾಲೇ ಇತ್ತು. ಜೇಡಿಮಣ್ಣು ಕಾರಣ ಅಂತ ಅವನು ಬರದಿದ್ದ, ಸೊಳ್ಳಿ ಸಂಬಂಧ ಗೊತ್ತಾಗಾಕ ಇನ್ನೂ ನೂರಾ ಅರವತ್ತು ವರ್ಷ ಬೇಕಾತು. ರಷ್ಯಾದೊಳಗ 1922-23ರ ಸಾಂಕ್ರಾಮಿಕ ಆರ್ಖಾಂಗೆಲ್ಸ್ಕ್ ತನಕ ಮುಟ್ಟಿತ್ತು, ಅದು ಔಲುಕಿಂತ ಒಂದು ಚೂರು ದಕ್ಷಿಣಕ್ಕ ಐತಿ ಅಷ್ಟ.

ನಡೀತಿದ್ದದ್ದು ಹೆಂಗಂದ್ರ, ಅನಾಫಿಲಿಸ್ ಹೆಣ್ಣು ತತ್ತಿ ರೂಪದಾಗ ಚಳಿಗಾಲ ಕಳ್ಯಾಂಗಿಲ್ಲ, ದೊಡ್ಡದಾಗಿಯೇ ಮನಿ, ದನದ ಕೊಟಗಿ, ನೆಲಮಾಳಿಗಿಯೊಳಗ ಹೊಕ್ಕೊಂಡು ಕೂಡ್ತದ. ಹಳೇ ಕಾಲದ ಮರದ ಮನಿ, ಒಂದ ಕೋಣಿ, ಒಲಿ ಉರೀತಿರ್ತದ, ಇಡೀ ಕುಟುಂಬ ಅಲ್ಲೇ ಮಲಗೋದು. ಆ ಬಿಸಿಗೆ ಸೊಳ್ಳಿ ಅರೆಎಚ್ಚರ ಆಗಿ ಚಳಿಗಾಲದಾಗ ಸೈತ ಕಚ್ಚತಿತ್ತು. ಹೊರಗಿನ ಥಂಡಿ ಲೆಕ್ಕಕ್ಕ ಇಲ್ಲ. ಅಲ್ಲಿದ್ದದ್ದು ವೈವ್ಯಾಕ್ಸ್ ಅನ್ನೋ ಮಲೇರಿಯಾ ರೋಗಾಣು, ನಿಮ್ಮ ಮಂಗಳೂರಾಗ ಹೆಚ್ಚು ಬರೋದೂ ಅದ. ಅದು ಲಿವರಿನ್ಯಾಗ ತಿಂಗಳಗಟ್ಟಲೆ ಸುಮ್ಮನ ಮಲಗಿ ಮುಂದಿನ ಬ್ಯಾಸಿಗಿಗೆ ಏಳ್ತದ. ಮುಂದ ಮನಿ ದೊಡ್ಡು ಆದ್ವು, ಮಂದಿ ಬ್ಯಾರೆ ಬ್ಯಾರೆ ಕೋಣಿಯೊಳಗ ಮಲಗಾಕ ಹತ್ತಿದ್ರು, ಡಿಡಿಟಿ ಅನ್ನೋ ಕೀಟನಾಶಕ ಬರೋಕಿಂತ ಮದಲ ರೋಗ ಇಳಕೋತ ಬಂದಿತ್ತು. ಆ ಅನಾಫಿಲಿಸ್ ಕುಲ ಅಲ್ಲಿ ಇವತ್ತಿಗೂ ಐತಿ. ರೋಗಾಣು ಇಲ್ಲ ಅಷ್ಟ.

ಕುಡ್ಲ_ಬೊಳ್ಳಿ:
ಅಬ್ಬ, ಇದು ಗೊತ್ತೇ ಇರ್ಲಿಲ್ಲ. ಮಲೇರಿಯಾ ಅಂದ್ರೆ ಸೆಕೆಯ ಊರಿನ ರೋಗ ಅಂತಲೇ ಶಾಲೆಯಲ್ಲಿ ಕಲ್ತದ್ದು.

ಔಲು_ಮಂಜು:
ಸರ್, ಈಗಿನ ಪರಿಸ್ಥಿತಿ ಹೇಳಿ. ಈಗ ಏನಾದ್ರೂ ಹರಡುತ್ತಾ ಇಲ್ಲಿ?

ಎಸ್ಪೂ_ಶಾರದಾ:
ಇದನ್ನ ನಾನು ಹೇಳ್ತೀನಿ, ನಮ್ಮ ಮನೆಯವ್ರಿಗೇ ಬಂದಿತ್ತು. ಪೊಗೊಸ್ತಾ ಜ್ವರ ಅಂತ, ಪೂರ್ವ ಫಿನ್ಲೆಂಡಿನ ಒಂದು ಹಳ್ಳಿ ಹೆಸರು ಅದು. ಸಿಂಡ್ಬಿಸ್ ಅನ್ನೋ ವೈರಸ್, ನಮ್ಮ ಚಿಕನ್‌ಗುನ್ಯಾ ವೈರಸ್ಸಿನ ಜಾತಿದೇ. ಮೈ ಮೇಲೆ ಗುಳ್ಳೆ, ಆಮೇಲೆ ಕೀಲು ಹಿಡ್ಕೊಳ್ಳೋದು. 2006ರಲ್ಲಿ ನಮ್ಮ ಕಡೆ ಚಿಕನ್‌ಗುನ್ಯಾ ಬಂದಾಗ ಮನೆಮಂದಿಯೆಲ್ಲಾ ಗೋಡೆ ಹಿಡ್ಕೊಂಡು ಓಡಾಡ್ತಿದ್ದಿದ್ದು ನೆನಪಿರ್ಬೇಕು ನಿಮ್ಗೆ, ಅಷ್ಟು ಜೋರಲ್ಲ, ಆದ್ರೆ ಇವ್ರಿಗೆ ಬೆಳಿಗ್ಗೆ ಎದ್ದಾಗ ಕಾಫಿ ಲೋಟದ ಹಿಡಿ ಹಿಡಿಯೋಕಾಗ್ತಿರ್ಲಿಲ್ಲ, ಎರಡೂ ಅಂಗೈ ಮಧ್ಯೆ ಒತ್ತಿ ಎತ್ಕೊಳ್ಳೋರು, ಚಳಿಗಾಲ ಪೂರ್ತಿ ಹಾಗೇ. ಬರೋದು ಆಗಸ್ಟ್-ಸೆಪ್ಟೆಂಬರಲ್ಲಿ, ಜನ ಕಾಡಿಗೆ ಬೆರ್ರಿ, ಅಣಬೆ ಕೀಳೋಕೆ ಹೋಗೋ ಟೈಮು. ಸೊಳ್ಳೆ ಕಡಿಮೆ ಆಯ್ತು ಅಂತ ಜನ ಔಷಧಿ ಹಚ್ಚದೇ ಹೋಗೋ ಟೈಮೂ ಅದೇ. ಇನ್ನೊಂದು ಟುಲರೀಮಿಯಾ ಅಂತ ಮೊಲದ ಜ್ವರ, ಅದೂ ಇಲ್ಲಿ ಸೊಳ್ಳೆಯಿಂದ ಹರಡುತ್ತೆ, ಆಂಟಿಬಯಾಟಿಕ್‌ಗೆ ವಾಸಿ ಆಗುತ್ತೆ. ಜ್ವರ ಬಂದು ಕಚ್ಚಿದ ಜಾಗ ಹುಣ್ಣಾದ್ರೆ, ಬಗಲಲ್ಲೋ ತೊಡೆಸಂದಲ್ಲೋ ಗಡ್ಡೆ ಊದಿದ್ರೆ ತಡ ಮಾಡದೇ ಹೆಲ್ತ್ ಸೆಂಟರಿಗೆ ಹೋಗಿ. ಡೆಂಗಿ, ಮಲೇರಿಯಾ ಭಯ ಇಲ್ಲಿ ಇಲ್ಲ.

ತೀರ್ಥಹಳ್ಳಿ_ಅಡಿಕೆ:
ಇಷ್ಟೆಲ್ಲಾ ಟೆಕ್ನಾಲಜಿ ಇರೋ ದೇಶ, ಹೆಲಿಕಾಪ್ಟರಲ್ಲಿ ಔಷಧಿ ಹೊಡೆದು ಒಂದೇ ಸಲ ಮುಗಿಸ್ಬಾರ್ದಾ ಇದನ್ನ?

ಕೀಟದ_ಮೇಷ್ಟ್ರು_ಧಾರವಾಡ:
ಹೊಡೀತಾರ. ಸ್ವೀಡನ್ನಿನ ಡಾಲ್ ನದಿ ಬಯಲಾಗ 2002ರಿಂದ ಹೆಲಿಕಾಪ್ಟರಿನಿಂದಾನ ಹಾಕ್ತಾರ. ಅದು ಬಿಟಿಐ ಅಂತ, ಒಂದು ಬ್ಯಾಕ್ಟೀರಿಯಾ. 1976ರಾಗ ಇಸ್ರೇಲಿನ ನೆಗೆವ್ ಮರುಭೂಮಿಯೊಳಗ ಸಿಕ್ಕಿದ್ದು, ನಮ್ಮ ದೇಶದಾಗೂ ಬಳಸ್ತಾರ, ವೀಣಾ ಅವ್ರ ವಿನ್ನಿಪೆಗ್‌ನಾಗೂ ಇದ. ಮರಿ ಅದನ್ನ ತಿಂದ್ರ ಹೊಟ್ಟಿ ಒಡದು ಸಾಯ್ತದ, ಮೀನಕ್ಕ ಕಪ್ಪಿಗೆ ಏನೂ ಆಗಾಂಗಿಲ್ಲ. ಆದ್ರ ಡಾಲ್ ನದಿ ಕಥಿ ಬ್ಯಾರೆ, ಅಲ್ಲಿ ಪ್ರವಾಹಕ್ಕ ಏಳೋ ಒಂದ ಜಾತಿ, ಈಡಿಸ್ ಸ್ಟಿಕ್ಟಿಕಸ್, ಅದು ಏಳೋ ಜಾಗಾ ನಕ್ಷಾದಾಗ ಗುರುತು ಮಾಡಬಹುದು. ಲ್ಯಾಪ್‌ಲ್ಯಾಂಡ್ ಅಂದ್ರ ಕರ್ನಾಟಕದ ಅರ್ಧಕ್ಕಿಂತ ದೊಡ್ಡ ಜಾಗಾ, ಎಲ್ಲಾ ಕಡೆ ಕುಂಟಿ, ಎಲ್ಲಿ ಅಂತ ಹಾಕ್ತೀರಿ?

ಅದಲ್ಲದ ನಾನಂತೂ ಬ್ಯಾಡ ಅಂತೀನಿ. ಬಿಟಿಐಗೆ ಕಚ್ಚದ ನೊರಜಿನ ಮರಿನೂ ಒಂದಿಷ್ಟು ಸಾಯ್ತಾವ. ಫ್ರಾನ್ಸಿನ ಕಾಮಾರ್ಗ್ ಬಯಲಾಗ ಇದನ್ನ ಹಾಕಿದ ಕಡೆ ಹಕ್ಕಿಗಳಿಗೆ ಮರಿ ಕಡಿಮಿ ಆಗಿದ್ದು ಅಧ್ಯಯನದಾಗ ಕಂಡದ. ಉತ್ತರಕ್ಕ ಲಕ್ಷಗಟ್ಟಲೆ ಹಕ್ಕಿ ವಲಸಿ ಹೋಗೋದ ಆ ಹುಳಾ ತಿಂದು ಮರಿ ಬೆಳಸಾಕ. ಅಲ್ಲಿನ ಒಂದು ಸಣ್ಣ ಹಸರು ಆರ್ಕಿಡ್ ಐತಿ, ಅದರ ಪರಾಗ ಸಾಗಸೋದು ಸೊಳ್ಳಿ. ಮಕರಂದ ಹೀರಾಕ ಹೋದ ಸೊಳ್ಳಿ ಕಣ್ಣಿಗೆ ಹಳದಿ ಪರಾಗದ ಗಂಟು ಅಂಟ್ಕೋತದ, ಫೋಟೋದಾಗ ನೋಡಿದ್ರ ಹಣಿ ಮ್ಯಾಲ ಎರಡು ಕೊಂಬು ಬಂದಂಗ ಕಾಣ್ತದ. ರಕ್ತ ಬೇಕಾಗೋದು ಹೆಣ್ಣಿಗೆ, ಅದೂ ತತ್ತಿಗೆ. ಆಹಾರ ಅಂತ ಗಂಡು ಹೆಣ್ಣು ಎರಡೂ ನೆಚ್ಚಿರೋದು ಹೂವಿನ ಸಿಹಿಯನ್ನ.

ತೀರ್ಥಹಳ್ಳಿ_ಅಡಿಕೆ:
ಇದು ಒಪ್ಪೋ ಮಾತು. ನಮ್ಮಲ್ಲಿ ಕೊಟ್ಟಿಗೆ ದನಕ್ಕೆ ಸಂಜೆ ಹೊಗೆ ಹಾಕ್ತಿದ್ವಿ, ಹಸಿ ಸೊಪ್ಪು ಹೊಟ್ಟು ಸೇರ್ಸಿ. ಅಲ್ಲಿ ಪ್ರಾಣಿಗಳ ಪಾಡೇನು?

ಎಸ್ಪೂ_ಶಾರದಾ:
ಅಲ್ಲೂ ಅದೇ ಹೊಗೆ! ಸೈಬೀರಿಯಾದ ಯಾಕೂತಿಯಾದಲ್ಲಿ ದನ, ಕುದುರೆ, ಹಿಮಸಾರಂಗಕ್ಕೆ ಅಂತಲೇ ಬೇಸಿಗೆಯಲ್ಲಿ ಹೊಗೆ ಹಾಕಿಡ್ತಾರೆ, ಪ್ರಾಣಿಗಳೇ ಬಂದು ಹೊಗೆಯೊಳಗೆ ನಿಲ್ತಾವೆ. ಇಲ್ಲಿ ಉತ್ತರದ ಮೂಲನಿವಾಸಿ ಸಾಮಿ ಜನದ ಹಿಮಸಾರಂಗ ಸೊಳ್ಳೆ ಕಾಟಕ್ಕೆ ಗಾಳಿ ಬೀಸೋ ಬೋಳು ಗುಡ್ಡದ ಮೇಲೆ, ಇನ್ನೂ ಕರಗದ ಹಿಮದ ಮೇಲೆ ಹೋಗಿ ಒತ್ತೊತ್ತಾಗಿ ನಿಲ್ತಾವೆ. ಚೆದುರಿಹೋದ ಮಂದೆ ತಾನಾಗೇ ಒಟ್ಟಾಗೋದ್ರಿಂದ ಸಾಮಿಯವ್ರು ಅದೇ ಟೈಮಲ್ಲಿ, ಬೇಸಿಗೆ ರಾತ್ರಿ ಬೆಳಕಲ್ಲಿ, ಮರಿಗಳ ಕಿವಿಗೆ ತಮ್ಮ ತಮ್ಮ ಮನೆ ಗುರುತು ಹಾಕೋದು. ಸೊಳ್ಳೆ ಇಲ್ಲದ ಬೇಸಿಗೆ ಬಂದ್ರೆ ಅವ್ರಿಗೆ ಮಂದೆ ಕೂಡಿಸೋ ಕೆಲಸ ಕಷ್ಟ ಆಗುತ್ತೆ.

ಹಾಸನ್_ಹುಡ್ಗ:
ಐಸ್‌ಲ್ಯಾಂಡಲ್ಲಿ ಸೊಳ್ಳೆನೇ ಇಲ್ಲ ಅಂತ ಕ್ವಿಜ್‌ನಲ್ಲಿ ಕೇಳ್ತಿದ್ರು. ಅದು ಅಷ್ಟೇ ಚಳಿ ಅಲ್ವಾ, ಅಲ್ಲಿ ಯಾಕಿಲ್ಲ?

ವಿನ್ನಿಪೆಗ್_ವೀಣಾ:
ಆ ಉತ್ತರ ಈಗ ಹಳೇದಾಯ್ತು. 2025ರ ಅಕ್ಟೋಬರಲ್ಲಿ ರೇಕ್ಯಾವಿಕ್ ಉತ್ತರಕ್ಕಿರೋ ಕ್ಯೋಸ್ ಅನ್ನೋ ಕಣಿವೆಯಲ್ಲಿ ಮೂರು ಸೊಳ್ಳೆ ಸಿಕ್ಕಿತು, ಎರಡು ಹೆಣ್ಣು ಒಂದು ಗಂಡು. ಪತಂಗ ಹಿಡಿಯೋಕೆ ಅಂತ ಒಬ್ರು ವೈನಲ್ಲಿ ಅದ್ದಿ ನೇತುಹಾಕಿದ್ದ ಹಗ್ಗಕ್ಕೆ ಬಂದಿದ್ವು. ಕ್ಯುಲಿಸೆಟಾ ಆನ್ಯುಲೇಟಾ ಅನ್ನೋ ಜಾತಿ.

ಕೀಟದ_ಮೇಷ್ಟ್ರು_ಧಾರವಾಡ:
ಐಸ್‌ಲ್ಯಾಂಡಿನ್ಯಾಗ ಮದಲ ಯಾಕ ಇರ್ಲಿಲ್ಲ ಅನ್ನೋದಕ್ಕ ಬಹಳ ಮಂದಿ ಕೊಡೋ ಕಾರಣ ಅಂದ್ರ, ಅಲ್ಲಿ ಚಳಿಗಾಲ ಒಂದೇ ಸಮ ಇರಾಂಗಿಲ್ಲ, ಹೆಪ್ಪುಗಟ್ಟೋದು, ಕರಗೋದು, ಮತ್ತ ಹೆಪ್ಪುಗಟ್ಟೋದು. ಮಲಗಿದ್ದು ಏಳ್ತದ, ಎದ್ದದ್ದು ಸಾಯ್ತದ. ಗ್ರೀನ್‌ಲ್ಯಾಂಡ್ ಅದಕ್ಕಿಂತ ಥಂಡಿ, ಅಲ್ಲಿ ಸೊಳ್ಳಿ ಭರಪೂರ ಅದಾವ, ಯಾಕಂದ್ರ ಅಲ್ಲಿ ಚಳಿಗಾಲ ಅಂದ್ರ ಚಳಿಗಾಲ. ಹಂಗಂತ ಈಗ ಬಂದಿರೋ ಜಾತಿ ದೊಡ್ಡದಾಗಿಯೇ ನೆಲಮಾಳಿಗಿ, ಕೊಟಗಿಯೊಳಗ ಕೂತು ಚಳಿಗಾಲ ಕಳಿಯೋದು, ಅದಕ್ಕ ಆ ತೊಂದ್ರಿ ಅಷ್ಟಿಲ್ಲ.

ಇಲ್ಲೇ ನನಗ ನಿಜವಾಗ್ಲೂ ಚಿಂತಿ ಇರೋದು. ಗ್ರೀನ್‌ಲ್ಯಾಂಡಿನ ಕಾಂಗರ್ಲುಸ್ಸುವಾಕ್ ಊರ ಹತ್ರ ಡಾರ್ಟ್‌ಮತ್ ಕಾಲೇಜಿನ ಲಾರೆನ್ ಕಲ್ಲರ್ ಅವ್ರ ತಂಡ 2015ರಾಗ ಲೆಕ್ಕಾ ಹಾಕಿ ತೋರಿಸ್ತು, ಎರಡು ಡಿಗ್ರಿ ಬಿಸಿ ಏರಿದ್ರ ಮರಿ ಬದುಕಿ ರೆಕ್ಕಿ ಮೂಡೋ ಸಾಧ್ಯತಾ 53 ಪರ್ಸೆಂಟ್ ಹೆಚ್ಚಾಗ್ತದ. ಬೆಚ್ಚನ್ನ ನೀರಾಗ ಜೀರುಂಡಿ ಹೆಚ್ಚು ತಿಂತಾವ ಖರೆ, ಆದ್ರ ಮರಿ ಅದಕ್ಕಿಂತ ಲಗೂನ ಬೆಳದು ಹಾರಿ ಹೋಗ್ತಾವ. ಇನ್ನೊಂದು ಒರೆಗಾನ್ ವಿಶ್ವವಿದ್ಯಾಲಯದ ಬ್ರಾಡ್‌ಶಾ, ಹೋಲ್ಜಾಫೆಲ್ ಇಬ್ಬರದು. ಅಮೆರಿಕಾ-ಕೆನಡಾದ ಜವುಗಿನ್ಯಾಗ ಹೂಜಿ ಗಿಡ ಅಂತ ಐತಿ, ಅದರ ಎಲಿಯೊಳಗ ನಿಂತ ನೀರಾಗ ಒಂದು ಸಣ್ಣ ಸೊಳ್ಳಿ ಮರಿ ಮಾಡ್ತದ, ಚಳಿಗಾಲಕ್ಕ ಆ ನೀರು ಗಟ್ಟಿ ಆದ್ರೂ ಮರಿ ಒಳಗ ಜೀವಂತ ಇರ್ತದ. ಹಗಲು ಇಷ್ಟು ಸಣ್ಣದಾತು, ಇನ್ನ ಮಲಗಬೇಕು ಅನ್ನೋ ಲೆಕ್ಕ ಅದರ ವಂಶದಾಗ ಇರ್ತದ. 1972ರಿಂದ 1996ರೊಳಗ ಉತ್ತರದ ಸೊಳ್ಳಿಗಳೊಳಗ ಆ ಲೆಕ್ಕನ ಬದಲಾಗಿ, ಅವು ಮದಲಿಗಿಂತ ತಡಾ ಮಾಡಿ ಮಲಗಾಕ ಹತ್ತಿದ್ವು. ಹವಾಮಾನ ಬದಲಾತಂತ ವಂಶವಾಹಿನ ಬದಲಾಗಿದ್ದಕ್ಕ ಸಿಕ್ಕ ಮೊದಮೊದಲ ಪುರಾವಿಗಳೊಳಗ ಇದೂ ಒಂದು. ಇಪ್ಪತ್ನಾಕು ವರ್ಷ ಅಂದ್ರ ಒಂದು ಪ್ರಾಣಿ ಜಾತಿಗೆ ಏನೂ ಅಲ್ರಿ.

ಔಲು_ಮಂಜು:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಕೊನೇದಾಗಿ ಪ್ರಾಕ್ಟಿಕಲ್ ಆಗಿ ಹೇಳ್ಬಿಡಿ, ಮಗು ಕರ್ಕೊಂಡು ಹೋಗೋವಾಗ ಏನು ಮಾಡೋದು? ಊರಿಂದ ತಂದ ಲಿಕ್ವಿಡ್ ಮಷೀನ್, ಬ್ಯಾಟ್ ಎರಡೂ ಇದೆ.

ವಿನ್ನಿಪೆಗ್_ವೀಣಾ:
ಲಿಕ್ವಿಡ್ ಮಷೀನ್ ಮುಚ್ಚಿದ ರೂಮಿಗೆ ಸರಿ, ಹೊರಗೆ ಏನೂ ಪ್ರಯೋಜನ ಇಲ್ಲ. ಬ್ಯಾಟ್ ಅಷ್ಟೊಂದು ಸೊಳ್ಳೆ ಮುಂದೆ ನಿಲ್ಲಲ್ಲ. ದೊಡ್ಡೋರಿಗೆ ಡೀಟ್ ಅಥವಾ ಐಕಾರಿಡಿನ್ ಇರೋ, ಮೈಗೆ ಹಚ್ಚೋ ಔಷಧಿ. ಮಕ್ಕಳಿಗೆ ಕೆನಡಾದ ನಿಯಮ ಹೀಗಿದೆ: ಆರು ತಿಂಗಳ ಒಳಗೆ ಡೀಟ್ ಬೇಡವೇ ಬೇಡ, ಆರು ತಿಂಗಳಿಂದ ಎರಡು ವರ್ಷದ ತನಕ 10 ಪರ್ಸೆಂಟ್ ಮೀರದ್ದು ದಿನಕ್ಕೆ ಒಂದೇ ಸಲ, ಮುಖಕ್ಕೆ ಕೈಗೆ ಹಚ್ಚಬಾರ್ದು. ಕೈ ಬಾಯಿಗೆ ಹೋಗುತ್ತಲ್ಲ ಮಕ್ಕಳದ್ದು. ನಿಮ್ಮ ಊರಿನ ನೆಉವೊಲಾ (ತಾಯಿ-ಮಗು ಕ್ಲಿನಿಕ್) ನರ್ಸ್ ಹತ್ರ ಒಂದ್ಸಲ ಕೇಳ್ಕೊಳ್ಳಿ. ನಿಂಬೆ ವಾಸನೆಯ ಯೂಕಲಿಪ್ಟಸ್ ಎಣ್ಣೆಯದ್ದು ಮೂರು ವರ್ಷದ ಒಳಗಿನ ಮಕ್ಕಳಿಗೆ ಬೇಡ, ನ್ಯಾಚುರಲ್ ಅಂತ ಬರ್ದಿದ್ರೂ.

ಎಸ್ಪೂ_ಶಾರದಾ:
ಔಷಧಿಗಿಂತ ಬಟ್ಟೆ ಮುಖ್ಯ ಮಂಜು. ತಿಳಿ ಬಣ್ಣ, ಸಡಿಲ, ಒತ್ತಾಗಿ ನೇಯ್ದಿರೋ ಬಟ್ಟೆ, ಮೈಗೆ ಅಂಟೋ ಲೆಗ್ಗಿಂಗ್ಸ್ ಮೇಲಿಂದ ಚುಚ್ಚುತ್ತೆ. ಪ್ಯಾಂಟನ್ನ ಸಾಕ್ಸ್ ಒಳಗೆ ಸಿಕ್ಕಿಸಿ, ನೊರಜು ಸಂದಿ ಹುಡುಕ್ಕೊಂಡು ಒಳಗೆ ತೆವಳುತ್ತೆ. ಮಗು ಗಾಡಿಗೆ ಹಾಕೋ ನೆಟ್ ಕೊಳ್ಳೋವಾಗ ಕಣ್ಣು ಎಷ್ಟು ಸಣ್ಣದಿದೆ ನೋಡಿ, ಮಾಮೂಲಿ ಸೊಳ್ಳೆ ಪರದೆಯ ತೂತಲ್ಲಿ ಇಲ್ಲಿನ ನುಸಿ ಆರಾಮಾಗಿ ನುಗ್ಗುತ್ತೆ. ನಿಲ್ಲೋದಾದ್ರೆ ಕೆರೆ ದಡದ ಗಾಳಿ ಬರೋ ಕಡೆ ನಿಲ್ಲಿ, ಪೊದೆ ಹತ್ರ ಬೇಡ. ಮತ್ತೆ ಇನಾರಿಗೆ ಹೋಗೋ ಪ್ಲಾನ್ ಇದ್ರೆ ಸೆಪ್ಟೆಂಬರ್ ಎರಡನೇ ವಾರಕ್ಕೆ ಇಟ್ಕೊಳ್ಳಿ, ಅಷ್ಟೊತ್ತಿಗೆ ರಾತ್ರಿ ಐಸ್ ಬಿದ್ದು ಉತ್ತರದಲ್ಲಿ ಸೊಳ್ಳೆ ಹೋಗಿರುತ್ತೆ, ಎಲೆಯೆಲ್ಲಾ ಕೆಂಪು ಹಳದಿ ಆಗಿರುತ್ತೆ, ರೂಮ್ ಬೇಗ ಫುಲ್ ಆಗುತ್ತೆ ಹಾಗಾಗಿ ಈಗಲೇ ಬುಕ್ ಮಾಡಿ.

ಔಲು_ಮಂಜು:
ಬುಕ್ ಮಾಡ್ದೆ ಅಕ್ಕ. ಗಾಡಿಗೆ ಸಣ್ಣ ಕಣ್ಣಿನ ನೆಟ್ಟೂ ಇವತ್ತೇ ತಂದೆ.